ಮೀಸಲು ದಂಡಿನ ಜಗದೇವಪ್ಪ

ನನಗೊಬ್ಬಳು ಸವತಿ ಇದ್ದಳು. ವಯಸ್ಸು ಸಾವಿರ ವರ್ಷದ ಮೇಲೆ, ಊರು ಕಾನ್‌ಸ್ಟಾಂಟಿನೋಪಲ್. ನಗುತ್ತ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ, ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ. ಹೆಣ್ಣಾಗಿದ್ದರೆ ಜುಟ್ಟು ಹಿಡಿದು ಹೊರಗೆ ಹಾಕಬಹುದಿತ್ತು. ದಂಡಿಗೆ ದಂಡೇ ಮನೆ ಹೊಕ್ಕರೆ ಏನು ಮಾಡುವುದು?

ನಮ್ಮ ಮನೆಯವರ ಹೆಸರು ಜಗದೇವಪ್ಪ. ಗಂಡನ ಹೆಸರು ಬಾಯಲ್ಲಿ ತರಬಾರದು ಅಂತ ನಮ್ಮವ್ವ ಕಲಿಸಿದ್ದಳು, ಆದರೆ ಅವರ ಕತೆ ಬರೆಯಲು ಕೂತ ಮೇಲೆ ಹೆಸರಿಲ್ಲದೆ ಹೇಗೆ? ಒಮ್ಮೆ ಬರೆದೆ, ಇನ್ನು ಮೇಲೆ 'ಇವರು'. ವಿಜಾಪುರದವರು. ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಮೇಲೆ ಕುದುರೆ ಸವಾರಿಯ ಆಟ ಆಡುತ್ತ ಬೆಳೆದವರು. ಲಂಡನ್ನಿಗೆ ಬಂದ ಮೇಲೆ ಹ್ಯಾರೋದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ರೇನರ್ಸ್ ಲೇನ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ಮನೆ ಕೊಂಡು, ಮಗಳು ಅಂಕಿತಾ ಹುಟ್ಟಿ, ಎಲ್ಲರ ಹಾಗೆ ಇದ್ದೆವು. ಎಲ್ಲ ಕೆಟ್ಟದ್ದು ಒಂದು ನಲ್ಲಿಯಿಂದ.

ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಪ್ಲಂಬರ್ ಕರೆಸುವ ಬದಲು ತಾವೇ ಕಲಿಯುತ್ತೇನೆ ಅಂತ ಇವರು ಕೌನ್ಸಿಲ್‌ನವರ ಸಂಜೆ ಕ್ಲಾಸಿಗೆ ಹೋದರು. ತೊಂಬತ್ತೊಂದನೇ ಇಸವಿ. ಪ್ಲಂಬಿಂಗ್ ಕ್ಲಾಸು ತುಂಬಿಹೋಗಿತ್ತು. ಪಕ್ಕದ ಕೋಣೆಯಲ್ಲಿ ಮಿಸ್ ಪ್ರೆಂಟಿಸ್ ಅಂತ ಒಬ್ಬ ನಿವೃತ್ತ ಹಿಸ್ಟರಿ ಟೀಚರ್, 'ಬೈಜಾಂಟೈನ್ ಸೈನ್ಯ' ಅಂತ ಬೋರ್ಡಿನ ಮೇಲೆ ಬರೆದುಕೊಂಡು, ಬೆರಳೆಣಿಕೆಯ ಮಂದಿಯ ಮುಂದೆ ನಿಂತಿದ್ದರಂತೆ. ಇವರು ಬಾಗಿಲಲ್ಲಿ ಇಣುಕಿದ ಹೊತ್ತಿಗೆ ಆಕೆ ಕಾನ್‌ಸ್ಟಾಂಟಿನೋಪಲ್‌ನ ಗೋಡೆ ಒಡೆದ ಮಹಾ ತೋಪಿನ ವಿಷಯ ಹೇಳುತ್ತಿದ್ದರು. ತೋಪು ಅಂದರೆ ವಿಜಾಪುರದವರು ಸುಮ್ಮನಿರುತ್ತಾರೆಯೇ? ನಮ್ಮೂರಾಗೂ ಒಂದು ಐತಿ ಅಂತ ಒಳಗೆ ಹೋಗಿ ಕೂತರು. ಹೋದವರು ಹೋದರು. ನಲ್ಲಿ ಇವತ್ತಿಗೂ ಸೋರುತ್ತಿದೆ.

ರೋಮ್ ಸಾಮ್ರಾಜ್ಯ ಪಶ್ಚಿಮದಲ್ಲಿ ಮುರಿದುಬಿದ್ದ ಮೇಲೂ ಪೂರ್ವದ ಅರ್ಧ ಸಾವಿರ ವರ್ಷ ಬಾಳಿತು. ಇವತ್ತಿನ ಇಸ್ತಾನ್‌ಬುಲ್ ಅದರ ರಾಜಧಾನಿ. ಆ ರಾಜ್ಯದವರೇ ಬೈಜಾಂಟೈನರು. ಇಷ್ಟನ್ನು ನಾನು ಬೇಕಂತ ಕಲಿತದ್ದಲ್ಲ. ರೊಟ್ಟಿ ಬಡಿಯುವಾಗ ಕಿವಿಗೆ ಬಿದ್ದು ಬಿದ್ದು ಬಂದದ್ದು. ಮೊದಲು ಪುಸ್ತಕ ಬಂದವು. ಆಮೇಲೆ ಹೆಬ್ಬೆರಳುದ್ದದ ಸೀಸದ ಸೈನಿಕರು ಬಂದರು, ಪುಟ್ಟ ಬ್ರಷ್ಷುಗಳು, ಬಣ್ಣದ ಡಬ್ಬಿಗಳು. ದಿನವೆಲ್ಲ ಮಂದಿಯ ಕನ್ನಡಕದ ಸ್ಕ್ರೂ ತಿರುಗಿಸಿದ ಕೈ, ಸಂಜೆ ಆ ಸೈನಿಕರ ಕವಚದ ಒಂದೊಂದು ಪದರಕ್ಕೂ ಬಣ್ಣ ಹಚ್ಚುತ್ತಿತ್ತು. ನನ್ನ ಹೊಸ ಸೀರೆಯ ಬಣ್ಣ ಯಾವುದು ಅಂತ ಕೇಳಿದರೆ ಗೊತ್ತಿಲ್ಲ. ಕಟಾಫ್ರಾಕ್ಟ್ ಕುದುರೆಯ ಎದೆಯ ಮೇಲಿನ ಚರ್ಮದ ಹೊದಿಕೆ ಯಾವ ಬಣ್ಣ ಅಂದರೆ ಗೊತ್ತು. ಕಟಾಫ್ರಾಕ್ಟ್ ಅಂದರೆ ಕುದುರೆಯೂ ಸವಾರನೂ ಅಡಿಯಿಂದ ಮುಡಿವರೆಗೆ ಕವಚ ತೊಟ್ಟವರು. ಮೊನೆ ಮುಂದಾದ ಬೆಣೆಯಾಕಾರದಲ್ಲಿ ನಿಂತು, ಓಡದೆ, ನಿಧಾನ ನಡೆಯಲ್ಲೇ ಶತ್ರುವಿನ ಮೇಲೆ ಹೋಗುತ್ತಿದ್ದರಂತೆ. ನಮ್ಮ ಸೈಡ್‌ಬೋರ್ಡಿನ ಮೇಲೂ ಹಾಗೇ ನಿಧಾನವಾಗಿ ಬಂದರು. ಮೊದಲು ನನ್ನ ಕಪ್ಪು-ಸಾಸರ್ ಹೋದವು, ಆಮೇಲೆ ನಮ್ಮ ಮದುವೆಯ ಫೋಟೋ ಪಕ್ಕಕ್ಕೆ ಸರಿಯಿತು.

"ಡ್ಯಾಡ್, ದೇ ಆರ್ ಜಸ್ಟ್ ಟಾಯ್ಸ್," ಅಂದಳು ಅಂಕಿತಾ ಒಂದು ದಿನ.

"ಟಾಯ್ಸ್ ಅಲ್ಲವ್ವಾ, ಥೀಮಾ," ಅಂದರು ಇವರು, ಅಷ್ಟೇ ಗಂಭೀರವಾಗಿ.

ಥೀಮಾ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ರಾಜ್ಯದ ದಂಡಿನಲ್ಲಿ ಎರಡು ಬಗೆ. ದೂರದ ಪ್ರಾಂತ್ಯದಲ್ಲಿ ನೆಲೆಸಿ, ಹೊಲ ಮನೆ ಮಾಡಿಕೊಂಡು, ಕರೆ ಬಂದಾಗ ತನ್ನದೇ ಕುದುರೆ ಏರಿ ಬರುವವನು ಥೀಮಾದ ಸೈನಿಕ. ಪ್ರಾಂತ್ಯಕ್ಕೂ ಅದರ ದಂಡಿಗೂ ಅದೇ ಹೆಸರು. ಅದರ ಧಣಿ ಸ್ಟ್ರಾಟೆಗೋಸ್. ಇನ್ನೊಂದು ಬಗೆ ತಾಗ್ಮಾ. ಅವರು ರಾಜಧಾನಿಯಲ್ಲೇ ಇರುವವರು, ಚಕ್ರವರ್ತಿಯ ಖಜಾನೆಯಿಂದ ಸಂಬಳ, ಹೊಳೆಯುವ ಕವಚ, ಅರಮನೆಯ ಹತ್ತಿರ ವಾಸ. ಥೀಮಾದವರು ಮೇಲಿಂದ ಮೇಲೆ ದಂಗೆ ಎದ್ದರು ಅಂತಲೇ ಒಬ್ಬ ಚಕ್ರವರ್ತಿ ತಾಗ್ಮಾ ಕಟ್ಟಿದನಂತೆ. ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಉರಿದುಕೊಳ್ಳುತ್ತಿದ್ದರು. ಅದನ್ನು ತಿಳಿಯಲು ನನಗೆ ಪುಸ್ತಕವೇನೂ ಬೇಕಾಗಿರಲಿಲ್ಲ.

ಕೌನ್ಸಿಲ್ ದುಡ್ಡು ನಿಲ್ಲಿಸಿದಾಗ ಆ ಕ್ಲಾಸಿನವರೇ ಸೇರಿ ಪಿನ್ನರ್‌ನ ಒಂದು ಚರ್ಚ್ ಹಾಲಿನಲ್ಲಿ ಮಂಗಳವಾರದ ಗುಂಪು ಮಾಡಿಕೊಂಡರು. ಹಳೆಯ ಕದನಗಳನ್ನು ಸೀಸದ ಸೈನಿಕರನ್ನಿಟ್ಟು ಮೇಜಿನ ಮೇಲೆ ಮತ್ತೆ ಆಡುವುದು ಅವರ ಕೆಲಸ. ಗುಂಪಿನ ಮುಖ್ಯಸ್ಥರನ್ನು ಸ್ಟ್ರಾಟೆಗೋಸ್ ಅಂತಲೇ ಕರೆಯುತ್ತಿದ್ದರು. ಮಿಸ್ ಪ್ರೆಂಟಿಸ್ ಸ್ಟ್ರಾಟೆಗೋಸ್. ಆಕೆಯ ನಂತರ ಇವರೇ ಅಂತ ಎಲ್ಲರೂ ಅಂದುಕೊಂಡಿದ್ದರು, ಎಲ್ಲರಿಗಿಂತ ಹೆಚ್ಚು ಇವರೇ ಅಂದುಕೊಂಡಿದ್ದರು. ಅಂಗಡಿಯಲ್ಲಿ ಇವರಿಗಿಂತ ಚಿಕ್ಕವರೆಲ್ಲ ಮ್ಯಾನೇಜರ್ ಆಗಿಹೋಗಿದ್ದರು. ಊರಿನ ಸಂಸಾರದಲ್ಲಿ ಇವರ ಅಣ್ಣನ ಮಾತೇ ನಡೆಯುತ್ತಿತ್ತು. ಜಗತ್ತಿನಲ್ಲಿ ಇವರಿಗೆ ಬೇಕಾಗಿದ್ದ ಪದವಿ ಇದೊಂದೇ. ಗುಂಪಿನಲ್ಲಿ ಆಡಿಸುವ ಸೈನ್ಯವೆಲ್ಲ ಇವರೇ ಬಣ್ಣ ಹಚ್ಚಿ ಕಟ್ಟಿದ್ದು. ನಾನೆಷ್ಟೇ ಗೊಣಗಿದರೂ, ಆ ಹಾಲಿನಲ್ಲಿ ಮಂದಿ ಇವರಿಗಾಗಿ ಎದ್ದು ಕುರ್ಚಿ ಬಿಡುವುದನ್ನು ನೋಡಿದಾಗ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದೆ.

ಆಗ ಬಂದ ಕೃಷ್ಣಪ್ರಸಾದ.

ಬೆಂಗಳೂರಿನವನು. ತೊಂಬತ್ತೊಂಬತ್ತರಲ್ಲಿ, ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆ ಅಂತ ಗದ್ದಲವಿತ್ತಲ್ಲ, ಆ ಕೆಲಸಕ್ಕೆ ಬಂದು ಇಲ್ಲೇ ಉಳಿದವನು. ಒಂದು ಸೂಪರ್‌ಮಾರ್ಕೆಟ್ ಕಂಪನಿಯ ಲಾರಿಗಳು ಯಾವ ಊರಿಗೆ ಏನು ಒಯ್ಯಬೇಕು ಅಂತ ಕಂಪ್ಯೂಟರಿನಲ್ಲಿ ಗೊತ್ತು ಮಾಡುವ ಕೆಲಸ. ನಾವು ರೇನರ್ಸ್ ಲೇನ್‌ನಲ್ಲಿ ಮನೆಯ ಸಾಲ ತೀರಿಸುತ್ತ ಮುದುಕರಾದೆವು, ಅವನು ಬಂದ ಸ್ವಲ್ಪ ದಿನಕ್ಕೇ ಪಿನ್ನರ್‌ನಲ್ಲಿ ಮನೆ ಕೊಂಡ. ಅವನ ಹೆಂಡತಿ ಕಲ್ಯಾಣಿ, ತೋಟದಲ್ಲಿ ಗುಲಾಬಿ ಹಚ್ಚಿದ್ದೇವೆ ಬನ್ನಿ ಅಂತ ನನ್ನನ್ನು ಕರೆದಳು. ನಾನು ಹೋಗಲಿಲ್ಲ. ನಮ್ಮ ಹಿತ್ತಲಲ್ಲೂ ಮೆಂತ್ಯ ಚೆನ್ನಾಗಿ ಬರುತ್ತದೆ.

ಕನ್ನಡದವನು ಅಂತ ಇವರೇ ಅವನನ್ನು ಗುಂಪಿಗೆ ಕರೆದೊಯ್ದರು. ಮೊದಲ ಭಾನುವಾರ ಮನೆಗೂ ಕರೆತಂದರು. ನಾನು ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿದ್ದೆ. ಅವನು ಎರಡು ರೊಟ್ಟಿ ತಿಂದು, "ತುಂಬಾ ಚೆನ್ನಾಗಿದೆ ಆಂಟಿ, ಒಂಚೂರು ಅನ್ನ ಇದ್ಯಾ?" ಅಂದ. ಆಂಟಿಯಂತೆ! ಆಗಿನ್ನೂ ನನ್ನ ತಲೆಯಲ್ಲಿ ಬಿಳಿ ಕೂದಲು ಕಾಣುತ್ತಿರಲಿಲ್ಲ. ಅನ್ನ ಇಟ್ಟೆ, ಆದರೆ ಕುಕ್ಕರಿಗೆ ನೀರು ಕಡಿಮೆ ಹಾಕಿದೆ.

ಅವನು ಕೆಟ್ಟವನಾಗಿದ್ದರೆ ಎಷ್ಟು ಹಗುರವಾಗುತ್ತಿತ್ತು. ಜಂಬವಿಲ್ಲ, ಸುಳ್ಳಿಲ್ಲ. ಇವರನ್ನು ಕಂಡರೆ ಸಾರ್ ಸಾರ್ ಅನ್ನುತ್ತ ಎದ್ದು ನಿಲ್ಲುವನು. ಆದರೆ ಇವರು ಇಷ್ಟು ವರ್ಷ ಕೇಳದ ಪ್ರಶ್ನೆಯನ್ನು ಬಂದ ಕೆಲವೇ ವಾರದಲ್ಲಿ ಕೇಳಿದ. ಅಷ್ಟೊಂದು ಕುದುರೆಗಳಿಗೆ ದಿನಕ್ಕೆ ನೀರು ಎಲ್ಲಿಂದ? ಮೇವು ಹೊರುವ ಹೇಸರಗತ್ತೆ ತಾನೇ ಎಷ್ಟು ತಿನ್ನುತ್ತದೆ? ರಾಜಧಾನಿಯಿಂದ ಪೂರ್ವದ ಗಡಿಗೆ ಹೋಗುವ ದಾರಿಯಲ್ಲಿ ಮೊದಲೇ ಗೊತ್ತು ಮಾಡಿದ ಬೀಡುಗಳಿದ್ದವು. ಚಕ್ರವರ್ತಿ ಹೊರಟು ಬಂದಂತೆ ಒಂದೊಂದು ಬೀಡಿನಲ್ಲಿ ಒಂದೊಂದು ಥೀಮಾದ ದಂಡು ಬಂದು ಕೂಡಿಕೊಳ್ಳುತ್ತಿತ್ತು. ಕೃಷ್ಣಪ್ರಸಾದ ಅದರ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ ತಂದು, ಸುಗ್ಗಿಗೆ ಮುಂಚೆ ಹೊರಟರೆ ಯಾವ ಬೀಡಿನಲ್ಲಿ ಹೊಟ್ಟೆಗೆ ಕಡಿಮೆ ಬೀಳುತ್ತದೆ ಅಂತ ಗೋಡೆಯ ಮೇಲೆ ತೋರಿಸಿದ. ಮಿಸ್ ಪ್ರೆಂಟಿಸ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆ ಕನ್ನಡಕ ಇವರೇ ಮಾಡಿಸಿಕೊಟ್ಟದ್ದು.

ಮನೆಗೆ ಬಂದು ಇವರು ಊಟ ಬೇಡ ಅಂದರು.

"ಹೇಸರಗತ್ತಿ ಲೆಕ್ಕಾ ಮಾಡೂದೇನು ದೊಡ್ಡ ಮಾತು? ಸೂಪರ್‌ಮಾರ್ಕೆಟಿನ ಬುದ್ಧಿ!" ಅಂದರು ಕೊನೆಗೆ.

"ನಿಮಗ ಯಾಕ ಹೊಳೀಲಿಲ್ಲರಿ ಮತ್ತ?" ಅಂದೆ. ಉರಿಯುವ ಗಾಯಕ್ಕೆ ಉಪ್ಪು ಹಾಕುವ ಗುಣ ನನಗೆ ಮೊದಲಿನಿಂದಲೂ ಇದೆ. ಆದರೆ ಒಳಗೊಳಗೆ ನಾನೂ ಕುದಿಯುತ್ತಿದ್ದೆ. ನಮ್ಮವರು ಬೆಳೆಸಿದ ಬೆಳೆ, ಕೊಯ್ಯುವವನು ಇವನೇನು?

"ನಾವು ಥೀಮಾದವರು," ಅಂದರು ಇವರು. "ನೆಲಾ ಹಸನ ಮಾಡಿ ಕುಂತವರು. ಅಂವ ತಾಗ್ಮಾ. ಅರಮನಿ ದಂಡು. ಬಂದ, ಹೊಳದ, ಎಲ್ಲಾ ಅವಂದ ಆತು."

ಅವತ್ತಿನಿಂದ ನಮ್ಮ ಮನೆಯಲ್ಲಿ ಕೃಷ್ಣಪ್ರಸಾದನ ಹೆಸರು ತಾಗ್ಮಾ. ತಾಗ್ಮಾ ಹೊಸ ಕಾರು ತಗೊಂಡಾನ. ತಾಗ್ಮಾನ ಹೆಂಡತಿ ಈಸ್ಟ್ ಹ್ಯಾಮ್‌ನಿಂದ ರೇಷ್ಮೆ ಸೀರೆ ತಂದಾಳ. ಗಂಡ ಹೆಂಡತಿ ನಡುವೆ ಮಾತು ಕಡಿಮೆಯಾಗಿದ್ದ ಕಾಲವದು. ನಿಜ ಹೇಳುತ್ತೇನೆ, ಅವನನ್ನು ಬೈಯುವ ನೆವದಲ್ಲಿ ನಾವಿಬ್ಬರೂ ಮತ್ತೆ ಒಟ್ಟಿಗೆ ಕೂತು ಚಹಾ ಕುಡಿಯತೊಡಗಿದೆವು.

ಎರಡು ಸಾವಿರದ ಎರಡರಲ್ಲಿ ಮಿಸ್ ಪ್ರೆಂಟಿಸ್ ತಂಗಿಯ ಊರಿಗೆ ಹೊರಟುನಿಂತರು. ಹೋಗುವ ಮುಂಚೆ ಒಂದು ಆಟ, ಆಟದ ನಂತರ ಕೈ ಎತ್ತಿಸಿ ಹೊಸ ಸ್ಟ್ರಾಟೆಗೋಸ್‌ನ ಆಯ್ಕೆ ಅಂತ ತೀರ್ಮಾನವಾಯಿತು. ನಿಂತವರು ಇಬ್ಬರೇ.

ಆಟ ಮಾಂಜಿಕರ್ಟ್ ಕದನದ್ದು. ನಡೆದದ್ದು ಹೀಗೆ. ಸಾವಿರದ ಎಪ್ಪತ್ತೊಂದರಲ್ಲಿ ರೊಮಾನೋಸ್ ಎಂಬ ಚಕ್ರವರ್ತಿ ತುರ್ಕರ ಮೇಲೆ ದಂಡೆತ್ತಿ ಹೋದ. ತುರ್ಕರು ಎದುರು ನಿಲ್ಲದೆ, ಬಾಣ ಬಿಡುತ್ತ ಹಿಂದೆ ಹಿಂದೆ ಸರಿದರು. ಇವನು ಮುಂದೆ ಮುಂದೆ ಹೋದ. ಸಂಜೆಯಾಯಿತು, ಬೀಡು ದೂರ ಉಳಿಯಿತು. ವಾಪಸ್ ಹೋಗೋಣ ಅಂತ ಬಾವುಟ ಹಿಂದಕ್ಕೆ ತಿರುಗಿಸಿದ. ಬೈಜಾಂಟೈನರ ಪದ್ಧತಿಯಲ್ಲಿ ಮುಂದಿನ ಸಾಲಿನ ಹಿಂದೆ ಯಾವಾಗಲೂ ಒಂದು ಮೀಸಲು ದಂಡು ಇರುತ್ತದೆ. ಮುಂದಿನವರು ಸೋತು ಬಂದರೆ ಅವರನ್ನು ಒಳಗೆ ಬಿಟ್ಟುಕೊಂಡು, ತಾನು ಮುಂದಾಗಿ ಶತ್ರುವನ್ನು ತಡೆಯುವುದು ಅದರ ಕೆಲಸ. ಅವತ್ತು ಆ ದಂಡಿನ ನಾಯಕನಾಗಿದ್ದವನು ಚಕ್ರವರ್ತಿಯ ಎದುರಾಳಿ ಮನೆತನದವನು, ಆಂದ್ರೋನಿಕೋಸ್ ದೂಕಾಸ್. ಬಾವುಟ ತಿರುಗಿದ್ದು ಕಂಡು, ಚಕ್ರವರ್ತಿ ಬಿದ್ದ ಅಂತ ಸುದ್ದಿ ಹಬ್ಬಿಸಿ, ತನ್ನ ದಂಡು ಕಟ್ಟಿಕೊಂಡು ಹೊರಟೇಹೋದ. ಚಕ್ರವರ್ತಿ ಸೆರೆಸಿಕ್ಕ. ಶತ್ರು ಸುಲ್ತಾನ ಅವನನ್ನು ಮರ್ಯಾದೆಯಿಂದ ನೋಡಿಕೊಂಡು ಬಿಟ್ಟುಕಳಿಸಿದ. ಅವನ ಕಣ್ಣು ಕೀಳಿಸಿದವರು ಅವನದೇ ರಾಜ್ಯದವರು.

ಗುಂಪಿನವರು ಈ ಕದನವನ್ನು ಹಿಂದೆಯೂ ಆಡಿದ್ದರು. ಪ್ರತಿ ಸಲವೂ ಮೀಸಲು ದಂಡಿನವರು ಮುಂದೆ ಬಂದು ಚಕ್ರವರ್ತಿಯನ್ನು ಉಳಿಸುತ್ತಿದ್ದರು. ಬಿಟ್ಟು ಹೋಗಬಾರದು ಅಂತ ನಿಯಮವೇನಿಲ್ಲ. ಆದರೆ ಸಾವಿರ ವರ್ಷದ ಹಿಂದಿನ ಆ ನೀಚತನವನ್ನು ಒಂದು ಸಂಜೆಯ ಮಟ್ಟಿಗಾದರೂ ಸರಿಮಾಡಬೇಕು ಅಂತಲೇ ಆ ಮಂದಿ ಆಡುತ್ತಿದ್ದುದು. ಅದಕ್ಕಾಗಿ ಚಪ್ಪಾಳೆ ತಟ್ಟಿ ಬಿಸ್ಕತ್ತು ತಿನ್ನುತ್ತಿದ್ದರು.

ಚೀಟಿ ಎತ್ತಿದಾಗ ಚಕ್ರವರ್ತಿಯ ಪಾತ್ರ ಕೃಷ್ಣಪ್ರಸಾದನಿಗೆ ಬಂತು. ತನ್ನ ನಾಯಕರನ್ನು ಆರಿಸುವ ಹಕ್ಕು ಚಕ್ರವರ್ತಿಯದು. ಅವನು ನೇರ ಇವರ ಕಡೆ ತಿರುಗಿ, "ಮೀಸಲು ದಂಡು ನೀವೇ ತಗೊಳ್ಳಿ ಸಾರ್. ಹಿಂದೆ ನೀವಿದ್ರೆ ನಂಗೆ ಧೈರ್ಯ," ಅಂದ.

ಒಂದು ವಾರ ನಮ್ಮ ಮನೆಯಲ್ಲಿ ಅದೇ ಮಾತು. "ಹಿಂದ ನಿಂದರಿಸ್ಯಾನ ನನ್ನ! ನನ್ನ ದಂಡು, ನಾ ಬಣ್ಣಾ ಹಚ್ಚಿದ್ದು. ಅಂವ ಮುಂದ ಬಾವುಟ ಹಿಡಕೊಂಡು ಹೋಗಾಂವ, ನಾ ಹಿಂದ ಕುರ್ಚಿ ಮ್ಯಾಲ ಕೂಡಾಂವ!" ಅಂತ ಇವರು ಮನೆಯೆಲ್ಲ ಸುತ್ತಿದರು. ಹೌದು ಅವಮಾನವೇ ಅಂತ ನನಗೂ ಅನಿಸಿತ್ತು.

ಆಟದ ದಿನ ನಾನು ಉಪ್ಪಿಟ್ಟು ಮಾಡಿಕೊಂಡು ಹೋಗಿ ಹಾಲಿನ ಅಡುಗೆಕೋಣೆಯ ಕಿಟಕಿಯಲ್ಲಿ ನಿಂತಿದ್ದೆ. ಅವರ ಪದ್ಧತಿಯಲ್ಲಿ ಮೀಸಲು ದಂಡಿನವನು ಮೇಜಿನಿಂದ ದೂರ ಕೂರಬೇಕು. ಧೂಳು ಎದ್ದ ರಣರಂಗದಲ್ಲಿ ಹಿಂದಿನವರಿಗೆ ಏನೂ ಕಾಣುವುದಿಲ್ಲವಲ್ಲ, ಹಾಗಾಗಿ ಚಕ್ರವರ್ತಿಯ ಕೈಯಲ್ಲಿರುವ ಕೆಂಪು ಬಾವುಟ ಮಾತ್ರ ಕಾಣಬೇಕು. ಯಾರೂ ಮಾತಾಡಿಸುವಂತಿಲ್ಲ. ಇವರ ಕುರ್ಚಿ ನನ್ನ ಕಿಟಕಿಯ ಪಕ್ಕದಲ್ಲೇ. ತುರ್ಕರ ಪಾತ್ರ ಲೆನ್ ಎಂಬ ನಿವೃತ್ತ ಬಸ್ ಡ್ರೈವರನದು. ಲೆನ್ ಹಿಂದೆ ಸರಿದ, ಕೃಷ್ಣಪ್ರಸಾದ ಮುಂದೆ ಹೋದ. ಇವರು ಕೈಯಾರೆ ಬಣ್ಣ ಹಚ್ಚಿದ, ಮಕ್ಕಳಂಥ ಆ ಸೈನಿಕರನ್ನು ಬೇರೆಯವನ ಬೆರಳು ಎತ್ತಿ ಎತ್ತಿ ಇಡುತ್ತಿತ್ತು. ಸುತ್ತ ನಿಂತವರು ಅವನ ಚಾಣಾಕ್ಷತನಕ್ಕೆ ತಲೆದೂಗುತ್ತಿದ್ದರು. ಇವರ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

ಬಾವುಟ ತಿರುಗಿತು.

ಇವರು ಎದ್ದರು. ಮೇಜಿನ ಹತ್ತಿರ ಹೋಗಿ ತಮ್ಮ ದಂಡಿನ ಮೇಲೆ ಕೈ ಇಟ್ಟರು. ಕೃಷ್ಣಪ್ರಸಾದ ನಗುತ್ತ ತನ್ನ ಸಾಲಿನ ನಡುವೆ ಜಾಗ ಬಿಟ್ಟುಕೊಟ್ಟು ಕಾಯುತ್ತಿದ್ದ. ಇವರು ಆ ಮುಖ ನೋಡಿದರು. ಆಮೇಲೆ ಒಂದೊಂದಾಗಿ ಸೈನಿಕರನ್ನು ಎತ್ತಿ, ಮುಖ ತಿರುಗಿಸಿ, ಬೀಡಿನ ಕಡೆಗೆ ಸಾಲಾಗಿ ಇಟ್ಟರು.

"ಚರಿತ್ರೆಯಲ್ಲಿ ಹಾಗೇ ಇದೆ," ಅಂದರು ಇವರು ಇಂಗ್ಲಿಷಿನಲ್ಲಿ, ಯಾರೂ ಕೇಳದೇ ಇದ್ದರೂ. ಲೆನ್ ಒಲ್ಲದ ಮನಸ್ಸಿನಿಂದ ಚಕ್ರವರ್ತಿಯನ್ನು ಸೆರೆಹಿಡಿದ. ಕೃಷ್ಣಪ್ರಸಾದ ಬಾವುಟ ಕೆಳಗಿಟ್ಟ. ಒಂದು ಗಳಿಗೆ ಅವನ ಮುಖ ಪೆಚ್ಚಾಯಿತು. ನನಗೆ, ಇದನ್ನು ಮುಚ್ಚಿಡುವುದಿಲ್ಲ, ಬಹಳ ಹಿತವಾಯಿತು.

ಚಹಾ ಆದ ಮೇಲೆ ಮತ. ಮಿಸ್ ಪ್ರೆಂಟಿಸ್ ಮೊದಲು ಇವರ ಹೆಸರು ಹೇಳಿದರು. ಇವರು ತಮ್ಮ ಕೈ ತಾವೇ ಎತ್ತಿದರು, ಹಳೆಯ ಸ್ನೇಹಿತರು ಕೆಲವರು ಎತ್ತಿದರು. ಯಾವಾಗಲೂ ಇವರ ಪರವಾಗಿದ್ದ ಲೆನ್ ಈ ಸಲ ಕೈ ಕಟ್ಟಿಕೊಂಡು ಕೂತ. ಸೋತೆವು ಅಂತ ನಾನು ಕಣ್ಣು ಕೆಳಗೆ ಮಾಡಿದೆ. ಮತ್ತೆ ತಲೆ ಎತ್ತಿದಾಗ ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ ಮೇಲಿತ್ತು. ಕೃಷ್ಣಪ್ರಸಾದನದು. ಆ ಒಂದು ಕೈಯಿಂದ ಇವರು ಗೆದ್ದರು.

ಅವನೇ ಬಂದು ಇವರ ಕೈ ಕುಲುಕಿದ. "ಈ ಸೈನ್ಯ ಕಟ್ಟಿದೋರು ನೀವು ಸಾರ್. ಬೇರೆ ಯಾರಾದ್ರೂ ಹೇಗೆ ಆಗಕ್ಕಾಗತ್ತೆ?" ಅಂದ. ಸೈನಿಕರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗಳನ್ನು ನಮ್ಮ ಕಾರಿನವರೆಗೂ ಹೊತ್ತು ತಂದ. ನನ್ನ ಖಾಲಿ ಪಾತ್ರೆ ಕೊಟ್ಟು, "ಉಪ್ಪಿಟ್ಟು ಸೂಪರ್ ಆಂಟಿ," ಅಂದ.

ಕಾರಿನಲ್ಲಿ ಇವರು ಕೀಲಿ ತಿರುಗಿಸದೆ ಕೂತಿದ್ದರು.

"ಅಂವ ಕೈ ಎತ್ತಿದ್ದು ನೋಡಿದೇನು?"

"ನೋಡಿದೆರಿ."

"ಯಾಕ ಎತ್ತಿದಾ?"

ಗೊತ್ತಿದ್ದರೆ ಹೇಳುತ್ತಿದ್ದೆ. ಅವನೇ ಗೆದ್ದಿದ್ದರೆ ನಾವು ಹೊಟ್ಟೆಕಿಚ್ಚುಪಟ್ಟುಕೊಂಡು ಸುಖವಾಗಿ ಇರುತ್ತಿದ್ದೆವು. ಮೋಸ ಮಾಡಿದ, ಕಸಿದುಕೊಂಡ ಅಂತ ಬೈಯಲು ಏನಾದರೂ ಇರುತ್ತಿತ್ತು. ಈಗ ಅದನ್ನೂ ನಮಗೆ ಉಳಿಸಲಿಲ್ಲ.

ಇವರು ಸ್ಟ್ರಾಟೆಗೋಸ್ ಆಗಿ ಗುಂಪನ್ನು ಚೆನ್ನಾಗಿಯೇ ನಡೆಸಿದರು. ಆದರೆ ಪ್ರತಿ ಮಂಗಳವಾರ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, "ತಾಗ್ಮಾ ಇವತ್ತ ಬರ್ತಾನೋ ಇಲ್ಲೋ," ಅನ್ನುವರು. ಬರದಿದ್ದರೆ ಸಾಕು ಅನ್ನುವ ಆಸೆ ದನಿಯಲ್ಲೇ ಕೇಳಿಸುತ್ತಿತ್ತು. ಅವನು ಒಂದು ವಾರವೂ ತಪ್ಪಿಸಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಕುರ್ಚಿ ಮಡಿಚಿಟ್ಟು ಹೋಗುತ್ತಿದ್ದ.

ಎರಡು ಸಾವಿರದ ಐದರಲ್ಲಿ ಇವರು ಮತ್ತೆ ಮಾಂಜಿಕರ್ಟ್ ಆಡಿಸೋಣ ಅಂದರು. ಈ ಸಲ ಚೀಟಿ ಇಲ್ಲ, ಚಕ್ರವರ್ತಿ ತಾವೇ. ಮೀಸಲು ದಂಡನ್ನು ಕೃಷ್ಣಪ್ರಸಾದನಿಗೆ ಕೊಟ್ಟರು. ಯಾಕೆ ಅಂತ ನನಗೆ ತಕ್ಷಣ ತಿಳಿಯಿತು, ಹಾಲಿನಲ್ಲಿದ್ದ ಹಳಬರಿಗೂ ತಿಳಿದಿರಬೇಕು. ಸೇಡು ತೀರಿಸಿಕೊಳ್ಳಲು ಅವನಿಗೆ ಅವಕಾಶ ಕೊಡುತ್ತಿದ್ದರು. ಅವನು ಅದೇ ಕುರ್ಚಿಯಲ್ಲಿ, ನನ್ನ ಕಿಟಕಿಯ ಪಕ್ಕ ಕೂತ. ಇವರು ಬೇಕಂತಲೇ ಲೆನ್‌ನ ಬೆನ್ನು ಹತ್ತಿ, ಬುದ್ಧಿ ಇದ್ದವರು ಯಾರೂ ಹೋಗದಷ್ಟು ದೂರ ಹೋದರು. ಆಮೇಲೆ ಬಾವುಟ ತಿರುಗಿಸಿ, ಅವನ ಕಡೆ ನೋಡಿದರು.

ಕೃಷ್ಣಪ್ರಸಾದ ಎದ್ದು ಹೋಗಿ ತನ್ನ ದಂಡನ್ನು ಮುಂದೆ ನಡೆಸಿದ. ಯೋಚನೆ ಮಾಡಲೂ ಇಲ್ಲ. ಕೈ ತೊಳೆದು ಊಟಕ್ಕೆ ಕೂರುವವನ ಹಾಗೆ ಸಹಜವಾಗಿ ಸೈನಿಕರನ್ನು ಒಂದೊಂದೇ ಸಾಲು ಮುಂದಿಟ್ಟು, ಇವರ ಚದುರಿದ ಸೈನ್ಯವನ್ನು ನಡುವೆ ಬಿಟ್ಟುಕೊಂಡು, ತುರ್ಕರನ್ನು ತಡೆದ. ಚಕ್ರವರ್ತಿ ಬೀಡು ಸೇರಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಲೆನ್ ಎಲ್ಲರಿಗಿಂತ ಜೋರಾಗಿ. ಇವರೂ ತಟ್ಟಿದರು. ಕೃಷ್ಣಪ್ರಸಾದ ನನ್ನ ಕಿಟಕಿಗೆ ಬಂದು, "ಚಹಾ ಸಿಗತ್ತಾ ಆಂಟಿ?" ಅಂದ. ಕೊಟ್ಟೆ. ಇವನ ಎದೆಯೊಳಗೆ ನಮ್ಮಲ್ಲಿರುವುದು ಯಾಕಿಲ್ಲ, ಯಾರು ಇವನನ್ನು ಹೀಗೆ ಬೆಳೆಸಿದರು ಅಂತ ಆ ಕಪ್ಪು ಕೊಡುವಾಗ ನನಗೆ ಹುಟ್ಟಿದ ಉರಿ, ಅವನ ಮನೆ, ಕಾರು, ಗುಲಾಬಿ ಯಾವುದನ್ನು ಕಂಡೂ ಹುಟ್ಟಿರಲಿಲ್ಲ.

ಮನೆಗೆ ಬಂದು ಇವರು ಪೆಟ್ಟಿಗೆಗಳನ್ನು ಬಿಚ್ಚಲಿಲ್ಲ. ಕೋಟು ತೆಗೆಯದೆ ಅಡುಗೆಮನೆಯ ಕುರ್ಚಿಯ ಮೇಲೆ ಕೂತರು.

"ಬರಬಾರದಿತ್ತು ಅಂವ," ಅಂದರು. "ಒಂದ ಸಲಾ ನನ್ನ ಬಿಟ್ಟು ಹೋಗಿದ್ರ ಅವಂದೇನು ಹೋಗತಿತ್ತು?"

"ಹೌದರಿ," ಅಂದೆ. "ಹೋಗಬೇಕಾಗಿತ್ತು."